ನಾನು ತಿಕ್ಕಿದ ಬೋಗುಣಿ

ಯಾರು ಏನೇ ಅಂದರೂ ಮುಖದ ಗೆರೆ ಅಲುಗದ ಮನುಷ್ಯರು ಓಣಿಗೊಬ್ಬರಾದರೂ ಇರುತ್ತಾರೆ. ನಮ್ಮ ಓಣಿಯಲ್ಲಿ ಅದು ನಾನೇ ಎಂದು ತಿಳಿದುಕೊಂಡಿದ್ದೆ. ಮರಾಠಿ ಸೀಮೆಯ ಜತ್ತದ ಒಂದು ಕನ್ನಡ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿರುವುದರಿಂದ ಈ ಗುಣಕ್ಕೊಂದು ಶಾಸ್ತ್ರಾಧಾರವನ್ನೂ ಹುಡುಕಿಟ್ಟಿದ್ದೆ. ಸೋಡಿಯಂ ನೀರು ಕಂಡರೆ ಸಾಕು, ಬೆಂಕಿ ಹತ್ತಿಸಿಕೊಂಡು ಕುಣಿಯುತ್ತದೆ; ಅದಕ್ಕೇ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡಬೇಕು. ನಮ್ಮ ಹೆಡ್‌ಮಾಸ್ತರರು ಆ ಪೈಕಿ. ಕಬ್ಬಿಣಕ್ಕೆ ಗಾಳಿ, ನೀರು ಎರಡೂ ಕೂಡಿದರೆ ನಿಧಾನಕ್ಕೆ ಜಂಗು ಹಿಡಿಯುತ್ತದೆ. ನಮ್ಮ ಕ್ಲಾರ್ಕು ಆ ಪೈಕಿ. ಬಂಗಾರಕ್ಕೆ ಮಾತ್ರ ಗಾಳಿ, ನೀರು, ಹುಳಿ ಯಾವುದೂ ತಟ್ಟುವುದಿಲ್ಲ. ಪಾಠದಲ್ಲಿ ಈ ಸಾಲು ಬಂದಾಗ ನಾನು ಸ್ವಲ್ಪ ನೆಟ್ಟಗೆ ನಿಲ್ಲುತ್ತಿದ್ದೆ.

ಹಾಗೆಂದು ನನ್ನ ವಿದ್ವತ್ತು ಕಲಬೆರಕೆ ಇಲ್ಲದ್ದೇನಲ್ಲ. ನಾನು ಕಲಿತದ್ದು ವಿಜಯಪುರದ ಕಡೆ. ಅಲ್ಲಿಯ ಪುಸ್ತಕದಲ್ಲಿ ಧಾತು ಎಂದರೆ ಮೂಲವಸ್ತು. ಅದು ಲೋಹವೂ ಆಗಬಹುದು, ಅಲೋಹವೂ ಆಗಬಹುದು. ಇಲ್ಲಿ ಮಕ್ಕಳ ಕಿವಿಯಲ್ಲಿ ಮರಾಠಿ ತುಂಬಿರುತ್ತದೆ, ಮರಾಠಿಯಲ್ಲಿ ಧಾತು ಎಂದರೆ ಲೋಹ. ಬಂದ ವರ್ಷವೇ ನಾನು ‘ಗಂಧಕ ಒಂದು ಧಾತು’ ಎಂದು ಬರೆಸಿದೆ. ಗಂಧಕ ಸುಟ್ಟರೆ ಬರುವ ಹೊಗೆ ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ, ಅದೇ ಅಲೋಹದ ಗುರುತು ಎಂದು ಗಂಟಲು ಹರಿಯುವಂತೆ ಹೇಳಿದರೂ, ಪರೀಕ್ಷೆಯಲ್ಲಿ ಅರ್ಧ ವರ್ಗ ಅದನ್ನು ಲೋಹದ ಪಟ್ಟಿಗೇ ಸೇರಿಸಿತ್ತು. ಆಗಲೂ ನನಗೇನೂ ಅನ್ನಿಸಲಿಲ್ಲ. ಮುಂದಿನ ವರ್ಷದಿಂದ ಆ ಶಬ್ದವನ್ನೇ ಬಿಟ್ಟೆ.

ನಿಜವಾದ ತೊಂದರೆ ಸುರುವಾದದ್ದು ಒಂದು ಬೋಗುಣಿಯಿಂದ. ನನ್ನ ಹೆಂಡತಿ ಮಹಾದೇವಿಯ ತವರು ಮಾಡಗ್ಯಾಳ. ತಾಯಿ ತೀರಿಕೊಂಡಾಗ ಅವಳ ಅಣ್ಣ, ಏನು ಬೇಕೋ ತೆಗೆದುಕೊಂಡು ಹೋಗು ಎಂದಿದ್ದರು. ಅವಳು ತಂದದ್ದು ತಾಯಿ ದಿನಾ ಸಾರು ಮಾಡುತ್ತಿದ್ದ ಹಿತ್ತಾಳೆಯ ಬೋಗುಣಿ ಒಂದೇ. ಒಂದು ರವಿವಾರ ಆ ಅಣ್ಣ ಊಟಕ್ಕೆ ಬರುವವರಿದ್ದರು. ಹೋಳಿಗೆ, ಕಟ್ಟಿನ ಸಾರು. ಸಾರು ಅವ್ವನ ಬೋಗುಣಿಯಲ್ಲೇ ಆಗಬೇಕೆಂದು ಇವಳ ಹಟ. ಗೋಡೆಯ ಮಾಡದಿಂದ ಇಳಿಸಿದರೆ ಒಳಗೆಲ್ಲ ಕಪ್ಪು ಬೂದಿಬಣ್ಣ. ಗಾಳಿ ತಾಗಿ ಲೋಹದ ಮೇಲೆ ಪದರು ಕಟ್ಟುತ್ತದೆ, ಅದಕ್ಕೆ ಹುಳಿಯೇ ಮದ್ದು ಎಂಬುದು ನನಗೆ ಬಾಯಿಪಾಠ. ಹುಣಸೆಹಣ್ಣು, ಇಟ್ಟಂಗಿ ಪುಡಿ, ತಂತಿಯ ಬ್ರಶ್ಶು ಹಿಡಿದು ಹಿತ್ತಲಲ್ಲಿ ಕೂತೆ. ತಾಸುಗಟ್ಟಲೆ ತಿಕ್ಕಿದ ಮೇಲೆ ಒಳಗಿನಿಂದ ಹಳದಿ ಹೊಳಪು ಹೊರಟಿತು. ಬಂಗಾರವಾಗಿದೆ ನೋಡು ಎಂದು ಅಲ್ಲಿಂದಲೇ ಕೂಗಿ ಹೇಳಿದೆ. ಅವಳ ಕೈ ಕಣಕದಲ್ಲಿತ್ತು. ಬೇಳೆಯ ಕಟ್ಟನ್ನು ಅದರಲ್ಲೇ ಬಸಿದುಬಿಡಿ ಎಂದಳು, ಬಸಿದೆ. ಅವಳು ಅವಸರದಲ್ಲಿ ಹುಣಸೆರಸ ಹಿಂಡಿ ಒಲೆಗೇರಿಸಿದಳು.

ಮಧ್ಯಾಹ್ನ ಅಣ್ಣ ಒಂದು ಗುಟುಕು ಸಾರು ಕುಡಿದು, ಬಟ್ಟಲನ್ನು ಮೆಲ್ಲಗೆ ಸರಿಸಿ, ಹಾಲು ಕೇಳಿದರು. ನಾನೂ ಕುಡಿದು ನೋಡಿದೆ. ಹಳೆಯ ನಾಣ್ಯವನ್ನು ಬಾಯಲ್ಲಿ ಇಟ್ಟುಕೊಂಡಂತಾಯಿತು. ಮಹಾದೇವಿ ಸಾರು ಚೆಲ್ಲಿ ಬೋಗುಣಿಯೊಳಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಇದರಾಗಿನ ಕಲಾಯಿ ಎಲ್ಲಿ ಹೋತ್ರಿ?”

ನಾನು ಹೊಲಸು ಎಂದು ತಿಕ್ಕಿದ್ದು ತವರದ ಲೇಪ. ಹುಳಿ ಹಿತ್ತಾಳೆಯನ್ನು ಮುಟ್ಟಿ ಕಿಲುಬು ಏಳಬಾರದೆಂದು ಅವಳ ತಾಯಿ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸುತ್ತಿದ್ದರಂತೆ. ಅವಳು ಬೈದಿದ್ದರೆ ನನಗೇನೂ ಆಗುತ್ತಿರಲಿಲ್ಲ. ಬೈಗುಳಕ್ಕೆ ನಾನು ಬಂಗಾರ. ಬೈಯಲಿಲ್ಲ. ಬೋಗುಣಿ ತೊಳೆದು ಸೆರಗಿನಿಂದ ಒರೆಸಿ, ಅದನ್ನು ಮುಂದಿಟ್ಟುಕೊಂಡು ಕೂತಳು. ಅವ್ವನ ಕೈಯಲ್ಲಿದ್ದ ವಸ್ತು ಇದೊಂದೇ ಉಳಿದಿತ್ತು ಎಂದಳು. ನನಗೆ ಬಹಳ ಕೆಟ್ಟೆನಿಸಿತು.

ಮರುದಿನ ಬಸ್ ಸ್ಟ್ಯಾಂಡಿನ ಹಿಂದೆ ಕಲಾಯಿ ಹಾಕುವ ದಸ್ತಗೀರಸಾಬರಿಗೆ ಅದನ್ನು ಒಯ್ದು ಕೊಟ್ಟೆ. ಎಲ್ಲರ ಮನೆಗೂ ಸ್ಟೀಲು ಬಂದ ಮೇಲೆ ಈ ಕೆಲಸ ಬಲ್ಲವರು ಅವರೊಬ್ಬರೇ ಉಳಿದಿದ್ದಾರೆ. ಒಳಗೆ ಬೆರಳಾಡಿಸಿ, ತಿಕ್ಕಿದವರು ಯಾರು ಎಂದು ಕೇಳಿದರು. ವಿಜ್ಞಾನದ ಮಾಸ್ತರ ಎಂದು ಹೇಳಲು ನಾಲಿಗೆ ಏಳಲಿಲ್ಲ. ಕೆಲಸದಾಕೆ ಎಂದುಬಿಟ್ಟೆ. ಬೋಗುಣಿ ಉಳಿದೀತೇ ಎಂದು ಕೇಳಿದ್ದಕ್ಕೆ, ಮೇಲಿನದಷ್ಟೇ ಹೋಗಿದೆ, ಅಂಜಬೇಡಿ ಎಂದರು. ಕಾಯಿಸಿ ನವಸಾಗರದ ಪುಡಿ ಒರೆಸಿದಾಗ ಬಿಳಿ ಹೊಗೆ ಎದ್ದಿತು. ಇದೇಕೆ ಹೀಗೆ ಎಂದು ಅವರಿಗೆ ವಿವರಿಸಹೋದೆ. ಅವರು ಹೌದ್ರಿ, ಹೌದ್ರಿ ಎನ್ನುತ್ತ ತವರ ಮುಟ್ಟಿಸಿ ಹತ್ತಿಯಿಂದ ಒಂದು ಸುತ್ತು ತಿರುವಿದರು. ಒಳಗೆಲ್ಲ ಬೆಳ್ಳಿ ಹರಿದಂತಾಯಿತು.

ಆರಲಿ, ಸಂಜೆಗೆ ಬನ್ನಿ ಎಂದಿದ್ದರು. ಸಂಜೆ ಮಹಾದೇವಿಯೂ ಬಂದಳು. ಬೋಗುಣಿಯೊಳಗೆ ನೋಡಿದ ಅವಳ ಕಣ್ಣು ತುಂಬಿದವು. ದಸ್ತಗೀರಸಾಬರು ಕಾಳಜಿಯಿಂದ ಹೇಳಿದರು:

“ಅಕ್ಕಾರ, ನಿಮ್ಮ ಕೆಲಸದಾಕಿ ಕೈಯಾಗ ಇದನ್ನ ಕೊಡಬ್ಯಾಡ್ರಿ. ಆಕೀನ ಬಿಡಿಸಿಬಿಡ್ರಿ.”

ನಮ್ಮ ಮನೆಯಲ್ಲಿ ಕೆಲಸದಾಕೆ ಎಂದೂ ಇದ್ದದ್ದಿಲ್ಲ. ಮಹಾದೇವಿ ನನ್ನ ಕಡೆ ತಿರುಗಿದಳು. ಎರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

“ಹ್ಯಾಂಗ ಬಿಡಸ್ಲಿ, ಚಾಚಾ? ಹಿರ್ಯಾರು ನೋಡಿ ಲಗ್ನಾ ಮಾಡಿ ಕೊಟ್ಟಾರ.”

ಗಾಳಿ, ನೀರು, ಹುಳಿ ತಟ್ಟದ ನನ್ನ ಮುಖ ಅವತ್ತು ಕಿವಿಯವರೆಗೆ ಕೆಂಪಾಯಿತು. ದಾರಿಯಲ್ಲಿ ಮಾನ ಉಳಿಸಿಕೊಳ್ಳಲೆಂದು, ಇಂಥದ್ದಕ್ಕೆಲ್ಲ ಬಗ್ಗುವವನಲ್ಲ, ನಾನು ಬಂಗಾರ ಎಂದೆ. ತಿಕ್ಕಿದರೆ ಹಿತ್ತಾಳೆಯೂ ಹಾಗೇ ಕಾಣುತ್ತದೆ ಎಂದಳು. ಈಗ ನನ್ನ ಕೈಗೆ ತೊಳೆಯಲು ಸಿಗುವುದು ಸ್ಟೀಲಿನ ಪಾತ್ರೆಗಳು ಮಾತ್ರ. ಕೆಲಸದಾಕೆ ಇದ್ದಾಳೆಯೇ ಎಂದು ಓಣಿಯವರು ಕೇಳಿದರೆ ಮಹಾದೇವಿ, ರವಿವಾರಕ್ಕೊಮ್ಮೆ ಒಬ್ಬಾಕೆ ಬರುತ್ತಾಳೆ, ಕೈ ಸ್ವಲ್ಪ ಗಟ್ಟಿ ಎನ್ನುತ್ತಾಳೆ.