ಬಾಣಂತನಕ್ಕೆ ರಜೆ ಹಾಕಿದ ಮಾವ

ನಮ್ಮ ಸೋದರಮಾವ ರಜೆ ಹಾಕಿದ ದಿನ ಎಲ್ಲಿರುತ್ತಾರೆ ಎಂದು ಯಾರಾದರೂ ಕೇಳಿದರೆ, ಆಫೀಸಿನಲ್ಲಿ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ನಗಬೇಡಿ! ಹೊಸದುರ್ಗದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರಿಗೆ ಒಂದು ವ್ರತವಿತ್ತು. ಡ್ಯೂಟಿಯ ಹೊತ್ತಿನಲ್ಲಿ ಮನೆಯ ಕೆಲಸ ಮಾಡಕೂಡದು. ತೊಂಬತ್ತರ ದಶಕದಲ್ಲಿ ಮಗಳು ಸುಮಾ ಕಾಲೇಜು ಸೇರುವಾಗ ಆದಾಯ ಪ್ರಮಾಣಪತ್ರ ಬೇಕಾಯಿತು. ಮಾವ ಒಂದು ದಿನ ಸಿ.ಎಲ್. ಹಾಕಿ, ಇಸ್ತ್ರಿ ಅಂಗಿ ತೊಟ್ಟು, ಜನರ ಜೊತೆ ಸಾಲಿನಲ್ಲಿ ನಿಂತರು. ಮಧ್ಯಾಹ್ನವಾದರೂ ಸಾಲು ಅಲ್ಲಾಡಲಿಲ್ಲ. ಮಾವನಿಗೆ ರೇಗಿತು.

"ಏನ್ರೀ ಇದು? ಈ ಕುರ್ಚಿಯೋನು ಎಲ್ಲಿ ಹೋದ? ಇಷ್ಟು ಜನ ಕಾಯ್ತಾ ಅವ್ರೆ, ಕಾಣಲ್ವ?"

"ಆ ಕುರ್ಚಿ ನಿಮ್ದೇ ಸಾರ್. ನೀವು ಇವತ್ತು ರಜ," ಎಂದ ಜವಾನ.

ಬೇರೆಯವರಾಗಿದ್ದರೆ ನಾಚಿಕೊಂಡು ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದರು. ಮಾವ ಸೀದಾ ಮನೆಗೆ ಬಂದರು! ಮರುದಿನ ತಾವು ಡ್ಯೂಟಿಗೆ ಹೋಗಿ, ಸಾಲಿಗೆ ಅತ್ತೆಯನ್ನು ಕಳಿಸಿದರು. ಅತ್ತೆಯ ಸರದಿ ಬಂದಾಗ ಮಾವ ತಲೆಯೆತ್ತದೆ, "ಯಜಮಾನ್ರ ಹೆಸ್ರೇನಮ್ಮ?" ಎಂದು ಕೇಳಿದರಂತೆ. ಗಂಡನ ಹೆಸರು ಬಾಯಲ್ಲಿ ಆಡದ ಅತ್ತೆ ಏನು ಮಾಡಬೇಕು? "ಎದುರಿಗೆ ಕುಂತೈತಲ್ಲ, ಅದೇ," ಎಂದರಂತೆ.

ಸರ್ಕಾರದ ಪ್ರವಾಸ ಸೌಲಭ್ಯದಲ್ಲಿ ಅತ್ತೆಯನ್ನು ಕನ್ಯಾಕುಮಾರಿಗೂ ಕರೆದೊಯ್ದರು. ಅಲ್ಲೂ ಸುತ್ತಾಟ ಹತ್ತೂವರೆಗೆ ಶುರು, ಐದೂವರೆಗೆ ಮುಕ್ತಾಯ. ಹೀಗಾಗಿ ಅತ್ತೆ ಸೂರ್ಯೋದಯ, ಸೂರ್ಯಾಸ್ತ ಎರಡನ್ನೂ ನೋಡದೆ ಊರಿಗೆ ಬಂದರು!

ಇನ್ನು ಗಳಿಕೆ ರಜೆ, ಅಂದರೆ ಇ.ಎಲ್. ನೌಕರರ ಪಾಲಿಗೆ ಸಿ.ಎಲ್. ಉಣ್ಣುವ ಅಕ್ಕಿ, ಇ.ಎಲ್. ಬಿತ್ತನೆಯ ಬೀಜ. ನಿವೃತ್ತಿಯಲ್ಲಿ ನಗದಾಗುವ ಅದನ್ನು ಯಾರೂ ಮುಟ್ಟುವುದಿಲ್ಲ. ಮಾವ ಮಗಳ ಮದುವೆಗೂ ಮುಟ್ಟಿರಲಿಲ್ಲ.

ಸುಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅದೇ ವಾರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಬಾಣಂತನ ಮಾಡುವವರು ಯಾರು? ನನಗೋ ಶಾಲೆಯಲ್ಲಿ ಪಾಠ ಹೇಳುವುದು ಬಿಟ್ಟು ಬರುವಂತಿಲ್ಲ. ಯಾರನ್ನಾದರೂ ಗೊತ್ತು ಮಾಡೋಣ ಎಂದೆ. ಮಾವ ಸೀದಾ ಕಚೇರಿಯ ಸಾಹೇಬರ ಮುಂದೆ ಹೋಗಿ ನಿಂತರು. ಹೆಂಡತಿ ಹೆತ್ತಾಗ ಗಂಡನಿಗೂ ರಜೆ ಕೊಡುವ ಪದ್ಧತಿ ಅಷ್ಟರಲ್ಲಿ ಬಂದಿತ್ತು.

"ಅಪ್ಪಂಗೆ ಕೊಡ್ತೀರಿ. ಅಜ್ಜಂಗೆ ಯಾಕಿಲ್ಲ ಸಾರ್?"

"ಬಾಣಂತನದಾಗೆ ಅಜ್ಜಂಗೆ ಏನ್ರೀ ಕೆಲ್ಸ?"

"ಕೂಸಿಗೆ ನೀರು ಹಾಕಾದು ಸಾರ್."

ಸಾಹೇಬರ ಕೈಯಲ್ಲಿದ್ದ ಚಹಾ ಮೇಜಿನ ಮೇಲೆ ಚೆಲ್ಲಿತು! ಅಜ್ಜನ ರಜೆ ಎಂಬುದು ಇಲ್ಲವೆಂದು ತಿಳಿದ ಮಾವ ಅಲ್ಲೇ ಇ.ಎಲ್. ಹಾಕಿದರು. ಕಚೇರಿಗೆ ಕಚೇರಿಯೇ ಬೆಚ್ಚಿಬಿತ್ತು. "ಇ.ಎಲ್. ಹಿಂಗೆ ಯಾರಾದ್ರೂ ಹಾಳ್ಮಾಡ್ಕಂತಾರೇನ್ರಿ!" ಎಂದು ಮನೆಗೆ ಬಂದು ಬುದ್ಧಿ ಹೇಳಿದವರೂ ಇದ್ದರು.

ಸುಮಾಳಿಗೆ ಹೆಣ್ಣು ಮಗುವಾಯಿತು. ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಮಾವ ಪಂಚೆ ಎತ್ತಿಕಟ್ಟಿ, ಬಚ್ಚಲಲ್ಲಿ ಕಾಲು ನೀಡಿ ಕೂತಿದ್ದಾರೆ! ಕಾಲ ಮೇಲೆ ಎಣ್ಣೆ ಹಚ್ಚಿದ ಕೂಸು. ಹೊಸ್ತಿಲಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡ ಅತ್ತೆ, "ಮೆತ್ತಗೆ ತಿಕ್ರೀ! ಅದು ಕೂಸು, ಆಫೀಸ್ ಫೈಲಲ್ಲ!" ಎಂದು ಗದರುತ್ತಿದ್ದರು. ನಾನು ಬಾಯಿ ತೆರೆದವಳು ಮುಚ್ಚಲಿಲ್ಲ.

"ಮಾವ, ನೋಡಿದ ಜನ ಏನಂತಾರೆ?"

"ಅನ್ಲಿ ಬಿಡಮ್ಮ. ನಾನೀಗ ರಜದಾಗಿದೀನಿ."

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು. "ಸುಮಾ ಹುಟ್ಟಿದಾಗ ನಾನು ತುರುವನೂರಾಗೆ, ತವರುಮನೇಲಿ. ಇವ್ರಿಗೆ ಬೀದರ್ ಕಡೆ ಕೆಲ್ಸ. ರಜ ಸಿಗ್ಲಿಲ್ಲ. ಇವ್ರು ಬರೋ ಹೊತ್ತಿಗೆ ಅವ್ಳು ಅಂಬೆಗಾಲು ಇಕ್ತಿದ್ಲು. ಎತ್ಕಳಕೆ ಹೋದ್ರೆ, ಯಾರೋ ಅಂತ ಚೀರ್ಕಂಡು ನನ್ ಸೆರಗಿಗೆ ತೆವಳ್ಕಂಡು ಬಂದ್ಲು. ಅವತ್ತು ಇವ್ರು ಊಟಾನೇ ಮಾಡ್ಲಿಲ್ಲ ಕಣೇ."

ನಾನು ಬಚ್ಚಲಿಗೆ ಹೋಗಿ, ಕೂಸನ್ನು ಒರೆಸುವ ಬಟ್ಟೆ ಹಿಡಿದು ನಿಂತೆ.

ತಿಂಗಳುಗಳು ಕಳೆದು ರಜೆ ಮುಗಿಯಿತು. ಮಾವ ಆಫೀಸಿಗೆ ಹೊರಟ ದಿನ ನಾನೂ ಅಲ್ಲಿದ್ದೆ. ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗೆ ಕೂಸು ಅಳತೊಡಗಿತು. ಸುಮಾ ಎತ್ತಿಕೊಂಡಳು, ನಿಲ್ಲಲಿಲ್ಲ. ಅತ್ತೆ ಎತ್ತಿಕೊಂಡರು, ನಿಲ್ಲಲಿಲ್ಲ. ಮಾವ ತಿರುಗಿ ಬಂದು ಹೆಗಲಿಗೆ ಎತ್ತಿಕೊಂಡದ್ದೇ ತಡ, ಸುಮ್ಮನಾಗಿ ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿಯಿತು.

"ಇದು ನನ್ ಗುರ್ತು ಹಿಡೀತು ಕಣೇ ಸುಮಿ," ಎಂದರು ಮಾವ.

ಸುಮಾ ಹತ್ತಿರ ಬಂದು, ಅಪ್ಪನ ಇನ್ನೊಂದು ಹೆಗಲಿಗೆ ತಲೆಯಿಟ್ಟಳು.