ತೂಕ ತಪ್ಪಿದ ಪಾರ್ಸೆಲ್

ದೇವರ ಪ್ರಸಾದವನ್ನೂ ಅಂಗೈಯಲ್ಲಿ ತೂಗಿ ನೋಡಿಯೇ ಬಾಯಿಗೆ ಹಾಕಿಕೊಳ್ಳುವವರನ್ನು ಕಂಡಿದ್ದೀರಾ? ಇಲ್ಲವಾದರೆ ಕಟಪಾಡಿಗೆ ಬನ್ನಿ, ನನ್ನ ಸೋದರಮಾವನನ್ನು ತೋರಿಸುತ್ತೇನೆ!

ಅವರ ಚೀಲದಲ್ಲಿ ಕೊಡೆ ಇಲ್ಲದಿದ್ದರೂ ಕೊಕ್ಕೆಯ ತಕ್ಕಡಿ ಇರಲೇಬೇಕು. ಆದಿ ಉಡುಪಿಯ ತರಕಾರಿಯವರು ಅವರನ್ನು ಕಂಡರೆ ಕೇಳದೆಯೇ ಒಂದು ಸೌತೆ ಹೆಚ್ಚು ಹಾಕುತ್ತಾರೆ. ಮಣಿಪಾಲದಲ್ಲಿ ನನ್ನ ಮಗಳು ಹುಟ್ಟಿದಾಗ ಮಗುವನ್ನೆತ್ತಿ, "ಸಿಸ್ಟರ್, ನೀವು ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಉಂಟಲ್ವಾ?" ಎಂದರು. "ಉಳಿದದ್ದನ್ನು ನಾವು ಇಟ್ಟುಕೊಂಡಿಲ್ಲ ಮಾರಾಯ್ರೆ!" ಎಂದಳು ಆಕೆ.

ನಮ್ಮ ನಗು ನಿಂತದ್ದು ಚಿಕ್ಕಮ್ಮನ ಪಾರ್ಸೆಲ್ ಬಂದಾಗ. ಗಂಡ ತೀರಿಕೊಂಡ ಮೇಲೆ ಚಿಕ್ಕಮ್ಮ ಮುಂಬಯಿ ಬಿಟ್ಟು ಅಣ್ಣನ, ಅಂದರೆ ಈ ಮಾವನ, ಮನೆ ಸೇರಿದ್ದರು. ರವಿಕೆ ಹೊಲಿದು ಬದುಕುವ ಹಟದಿಂದ ಹೊಲಿಗೆ ಮೆಷಿನ್ನನ್ನು ರೈಲಿಗೆ ಹಾಕಿ ಬಂದಿದ್ದರು.

"ಮೊದಲು ತೂಕ, ಆಮೇಲೆ ಸಹಿ," ಎಂದರು ಮಾವ ಸ್ಟೇಷನ್ನಿನಲ್ಲಿ.

"ಕಟ್ಟು ಗಟ್ಟಿ ಉಂಟಲ್ಲ ಮಾರಾಯ್ರೆ," ಎಂದ ಗುಮಾಸ್ತ.

ತೂಗಿದರೆ ಮುಂಬಯಿಯಲ್ಲಿ ಬರೆದುಕೊಟ್ಟಷ್ಟು ಇಲ್ಲ! "ಎಂತ, ದಾರಿಯಲ್ಲಿ ನಮ್ಮ ಮೆಷಿನ್ ಉಪವಾಸ ಮಾಡಿತಾ?" ಎಂದ ಮಾವ, ಅವನ ಎದುರಿಗೇ ಗೋಣಿ ಬಿಚ್ಚಿಸಿದರು. ಸ್ಟ್ಯಾಂಡ್ ಇತ್ತು, ಹಲಗೆ ಇತ್ತು. ಹೊಲಿಯುವ ಮೆಷಿನ್ನೇ ಇಲ್ಲ! ಜೊತೆಗೆ ಬಂದಿದ್ದ ಚಿಕ್ಕಮ್ಮ ಗೋಣಿಯನ್ನು ತಿರುವಿ ತಿರುವಿ ಹುಡುಕಿದರು. ಮಾವ ಮಾತ್ರ ತೂಕದ ವ್ಯತ್ಯಾಸವನ್ನು ಬರೆಸಿಕೊಂಡೇ ಹೊರಟರು.

ವ್ಯಾಜ್ಯ ಬೆಂಗಳೂರಿನ ರೈಲ್ವೆ ನ್ಯಾಯಮಂಡಳಿಗೆ ಹೋಯಿತು. "ಒಳಗೆ ಮೆಷಿನ್ ಇತ್ತೆಂದು ನಂಬುವುದು ಹೇಗೆ?" ಎಂದರು ರೈಲ್ವೆಯ ವಕೀಲರು. ಚಿಕ್ಕಮ್ಮ ಎದ್ದು ನಿಂತರು. "ಬರೀ ಸ್ಟ್ಯಾಂಡ್ ತರಿಸಿ ತುಳಿಯುತ್ತಾ ಕೂರಲಿಕ್ಕೆ ಅದೇನು ಸೈಕಲ್ಲಾ ಸ್ವಾಮೀ?"

ಇಡೀ ಸಭೆ ನಕ್ಕಿತು. ಸಾಮಾನು ಒಪ್ಪಿಕೊಂಡ ಮೇಲೆ ಒಪ್ಪಿಸುವವರೆಗೆ ಹೊಣೆ ರೈಲ್ವೆಯದೇ, ಹಾದಿಯಲ್ಲಿ ತೂಕ ಇಳಿದದ್ದಕ್ಕೆ ಅವರಲ್ಲಿ ಉತ್ತರವಿಲ್ಲ, ಆದ್ದರಿಂದ ಪರಿಹಾರ ಕೊಡಬೇಕು ಎಂದು ತೀರ್ಪಾಯಿತು!

ಊರಿಗೆ ಮರಳಿದ ಸಂಜೆ ಮಾವ ಒಳಕೋಣೆಗೆ ಹೋದರು. ತೀರಿಹೋದ ಅತ್ತೆಯ, ಅಂದರೆ ಮಾವನ ಹೆಂಡತಿಯ, ಹೊಲಿಗೆ ಮೆಷಿನ್ ಅಲ್ಲಿ ಹಳೆಯ ಸೀರೆ ಹೊದ್ದು ನಿಂತಿತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಚಿಕ್ಕಮ್ಮ ಒಂದು ದಿನವೂ ಕೇಳಿದವರಲ್ಲ. ಮಾವ ತಾವೇ ಸೀರೆ ಸರಿಸಿ, ಎಣ್ಣೆ ಬಿಟ್ಟು, ಕಿಟಕಿಯ ಬಳಿಗೆ ಎಳೆದು ತಂದರು.

"ಹೊಸತು ಬರುವವರೆಗೆ ಇದರಲ್ಲಿ ಹೊಲಿ."

ಚಿಕ್ಕಮ್ಮ ಅಂಜುತ್ತಲೇ ತುಳಿದರು. ಟರ್ರ್ ಎಂಬ ಸದ್ದು ಮನೆಯಿಡೀ ಹರಡಿತು. ಮಾವ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡರು. ಅದನ್ನು ಕಂಡು ಚಿಕ್ಕಮ್ಮ ಕಾಲು ತಡೆದರು.

"ನಿಲ್ಲಿಸಬೇಡ ಮಾರಾಯ್ತಿ," ಎಂದರು ಮಾವ, ಕಣ್ಣು ತೆರೆಯದೆಯೇ. "ಇನ್ನೂ ಸ್ವಲ್ಪ ಹೊಲಿ."