ಪಾಲಿಶ್ ವಾಸನೆಗೆ ಪ್ರವೇಶವಿಲ್ಲ

"ಇವತ್ತಿನಿಂದ ಈ ಮನೇಲಿ ಒಂದು ತೊಟ್ಟು ವಿಷವೂ ಇರಕೂಡದು!" ಎಂದು ಅವಳು ತೋಳು ಮಡಚಿ ಘೋಷಿಸಿಬಿಟ್ಟಳು. ಅಂಬೆಗಾಲಿಡುವ ಮಗಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ ಕಾಲ. ತಾಯಿಯ ಕರುಳು ಚುರ್ ಎನ್ನದೆ ಇರುತ್ತದೆಯೇ? ಫಿನಾಯಿಲ್, ಸೊಳ್ಳೆಬತ್ತಿ, ಸೆಂಟಿನ ಸೀಸೆ, ಎಲ್ಲಕ್ಕೂ ಗಡೀಪಾರು! ತೆರವಾದ ಸಿಂಹಾಸನಕ್ಕೆ ಜಿರಲೆಗಳು ಸಂಸಾರಸಮೇತ ಬಂದು ಬೀಡುಬಿಟ್ಟವು.

"ಜಿರಲೆಗೂ ಶುದ್ಧ ಗಾಳಿ ಇಷ್ಟ ಅಂತ ಗೊತ್ತೇ ಇರ್ಲಿಲ್ಲ," ಎಂದ ಗಂಡ.

"ನೀವು ಸುಮ್ನಿರಿ! ನಾಳೆ ನಿಮ್ಮ ಶೇವಿಂಗ್ ಕ್ರೀಮಿನ ಸರದಿ!"

ಅಷ್ಟಕ್ಕೇ ನಿಂತಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಮನೆಯಲ್ಲಿ ಇನ್ನೂ ಒಂದು ವಾಸನೆ ಉಳಿದಿತ್ತು, ಅವಳ ಅಪ್ಪನದು. ಅವರು ಅಂಗಡಿಯೊಂದರಲ್ಲಿ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುವವರು. ಸಂಜೆ ಅವರು ಮೆಟ್ಟಿಲು ಹತ್ತುವ ಮೊದಲೇ ವಾರ್ನಿಷ್, ಟರ್ಪೆಂಟೈನ್ ಎರಡೂ ಹತ್ತಿ ಬಂದಿರುತ್ತಿದ್ದವು.

"ಅಪ್ಪಾ, ಕೆಲಸದ ಬಟ್ಟೆ ಹೊರಗೇ ಬಿಡಿ." ಬಿಟ್ಟರು. "ಸ್ನಾನ ಆಗೋವರೆಗೂ ಮಗೂನ ಮುಟ್ಟಬೇಡಿ." ಮುಟ್ಟಲಿಲ್ಲ. ಸ್ನಾನವಾದ ಮೇಲೂ ಅವಳು ಅವರ ಅಂಗೈ ಹಿಡಿದು ಮೂಸಿ ನೋಡಿ, ಮೂಗು ಮುರಿದಳು. ಅದೊಂದನ್ನು ಮಾಡಬಾರದಿತ್ತು. ಆಮೇಲೆ ಮಗು ಎತ್ತಿಕೋ ಎಂದು ತೋಳು ಚಾಚಿದರೂ ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನಗುತ್ತಿದ್ದರು. ಕೊನೆಗೊಂದು ದಿನ, "ಕೆಲಸ ಜಾಸ್ತಿ ಇದೆ, ಅಂಗಡೀಲೇ ಮಲಗ್ತೀನಿ," ಎಂದು ಹಾಸಿಗೆ ಸುತ್ತಿಕೊಂಡು ಹೊರಟೇಹೋದರು.

ಮನೆ ಪರಮಪವಿತ್ರವಾಯಿತು! ಸಂಜೆಯಾದರೆ ಮಗು ಬಾಗಿಲ ಬಳಿ ಕೂತು ರಚ್ಚೆ ಹಿಡಿಯುತ್ತಿತ್ತು. ಗಂಡ ತಮಾಷೆ ಮಾಡುವುದನ್ನೇ ನಿಲ್ಲಿಸಿದ.

"ಬಟ್ಟೆ ಬದಲಾಯಿಸಿ, ಸ್ನಾನ ಮಾಡಿದ್ರೆ ಮಗೂಗೆ ಸಾಕಾಗ್ತಿತ್ತು ಕಣೇ. ಮೂಸಿ ಬೇರೆ ನೋಡ್ಬೇಕಿತ್ತಾ?"

ಅವಳಿಗೆ ಅಳು ಬಂತು.

ಮರುದಿನ ಬೆಳಿಗ್ಗೆಯೇ ಮಗುವನ್ನು ಎತ್ತಿಕೊಂಡು ಅಂಗಡಿಗೆ ಓಡಿದಳು. "ಅಪ್ಪಾ, ಮನೆಗೆ ಬನ್ನಿ..." ಎಂದು ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಅಪ್ಪ ಗಾಬರಿಯಿಂದ ಬ್ರಷ್ ಬಿಸಾಡಿ ಅಡ್ಡ ನಿಂತರು.

"ಅಯ್ಯೋ, ಒಳಗೆ ಬರಬೇಡ ತಾಯಿ! ಈಗಷ್ಟೇ ಪಾಲಿಶ್ ಹಾಕಿದೀನಿ, ಮಗೂಗೆ ಒಳ್ಳೇದಲ್ಲ. ನೀನು ಹೇಳಿದ್ದೆಲ್ಲ ಚೆನ್ನಾಗಿ ನೆನಪಿದೆ ನಂಗೆ!"

ಹೆಮ್ಮೆಯಿಂದ ಹೀಗೆ ಹೇಳಿ, ಮೊಮ್ಮಗಳನ್ನು ದೂರದಿಂದಲೇ ಕಣ್ತುಂಬ ನೋಡಿ, ಮಗಳ ಮುಖದೆದುರು ಮೆಲ್ಲಗೆ ಬಾಗಿಲು ಹಾಕಿಕೊಂಡರು.